ರವಿವಾರದ ಪಂದ್ಯಕ್ಕೆ ಶನಿವಾರ ರಾತ್ರಿಯ ತಯಾರಿ

ನಮ್ಮ ಮನೆಯಲ್ಲಿ ಮೊದಲು ಯಜಮಾನರು, ಆಮೇಲೆ ಇಬ್ಬರು ಗಂಡುಮಕ್ಕಳು, ಈಗ ಮೊಮ್ಮಗ, ಹೀಗೆ ಮೂರು ತಲೆಮಾರಿನವರು ಹುಬ್ಬಳ್ಳಿಯಲ್ಲಿ ಕ್ಲಬ್ ಕ್ರಿಕೆಟ್ ಆಡಿದ್ದಾರೆ. ಏಪ್ರಿಲ್, ಮೇ ತಿಂಗಳ ರವಿವಾರಗಳಂದು ಬೆಳಿಗ್ಗೆ ಏಳಕ್ಕೆ ಕಿಟ್ ಹೊತ್ತು ಹೊರಟವರು ಮಧ್ಯಾಹ್ನ ಮೂರಕ್ಕೆ ಕೆಂಪೇರಿದ ಮುಖದಲ್ಲಿ ಮರಳುವುದನ್ನು ನಾನು ನಲವತ್ತು ವರ್ಷಗಳಿಂದ ನೋಡುತ್ತಿದ್ದೇನೆ. ನೆಹರು ಮೈದಾನದ ನಡುವೆ ನಿಂತು ಫೀಲ್ಡಿಂಗ್ ಮಾಡುವವನಿಗೆ ನೆರಳೆಂಬುದು ಅವನ ಟೋಪಿಯದು ಮಾತ್ರ. ಆದ್ದರಿಂದ ಬಿಸಿಲನ್ನು ಎದುರಿಸುವ ಕೆಲಸವನ್ನು ಹಿಂದಿನ ರಾತ್ರಿಯೇ ಮನೆಯ ಅಡುಗೆಮನೆಯಲ್ಲಿ ಆರಂಭಿಸಬೇಕು ಎಂಬುದು ನನ್ನ ಅನುಭವ.

ಇದನ್ನು ನನಗೆ ಕಲಿಸಿದ್ದು ಹಿರಿಯ ಮಗನ ಅಂಗಿ. ಅವನಿಗೆ ಆಗ ಹತ್ತೊಂಬತ್ತು ವರ್ಷ. ಮೇ ತಿಂಗಳ ಒಂದು ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದವನು ಮೀನಖಂಡ ಹಿಡಿದುಕೊಂಡು ಅಲ್ಲೇ ಕುಸಿದನಂತೆ. ಗೆಳೆಯರು ಎತ್ತಿಕೊಂಡು ಬಂದು ಮನೆಗೆ ಬಿಟ್ಟರು. ನೀರು ಕುಡಿಯಲಿಲ್ಲವೇ ಎಂದು ನಾನು ಕೇಳಿದರೆ, ಹೊಟ್ಟೆ ತುಂಬ ಕುಡಿದಿದ್ದೇನೆ ಎಂದ. ಸಂಜೆ ಅಂಗಿ ಒಗೆಯಲು ತೆಗೆದುಕೊಂಡಾಗ ಬೆನ್ನಿನ ಭಾಗದಲ್ಲಿ ಅಲೆಅಲೆಯಾಗಿ ಬಿಳಿಯ ಗೆರೆಗಳು ಒಣಗಿ ನಿಂತಿದ್ದವು. ಬೆರಳಿನಿಂದ ಸವರಿ ನಾಲಿಗೆಗೆ ಹಚ್ಚಿ ನೋಡಿದೆ: ಉಪ್ಪು. ಬೆವರಿನಲ್ಲಿ ನೀರಿನೊಂದಿಗೆ ಇಷ್ಟೊಂದು ಉಪ್ಪೂ ಹೋಗುತ್ತಿರುವಾಗ ಬರಿಯ ನೀರು ಕೊಟ್ಟು ಕಳುಹಿಸುವುದು ಸಾಲದು ಎಂದು ಆ ದಿನ ಮನದಟ್ಟಾಯಿತು.

ಅಂದಿನಿಂದ ಪಂದ್ಯಕ್ಕೆ ಹೊರಡುವ ಪ್ರತಿಯೊಬ್ಬರ ಚೀಲದಲ್ಲಿ ಉಪ್ಪು ಸಕ್ಕರೆಯ ನೀರಿನ ಒಂದು ಬಾಟಲಿ ಇರುತ್ತದೆ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟವಾಗಿ ತೆಗೆದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಇದೇ ಅಳತೆ. ಹೆಚ್ಚು ಬೆವರುತ್ತಾನೆಂದು ಉಪ್ಪನ್ನು ಕೈ ಅಂದಾಜಿನಲ್ಲಿ ಹೆಚ್ಚಿಸುವುದು ಅಪಾಯ. ಕುಡಿದಾಗ ಕಣ್ಣೀರಿಗಿಂತ ಉಪ್ಪಾಗಿದ್ದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಬೇಕು. ನಿಂಬೆರಸ ಹಿಂಡಿದರೆ ಹುಡುಗರು ಬೇಡವೆನ್ನದೆ ಕುಡಿಯುತ್ತಾರೆ. ಉಳಿದುದನ್ನು ಮರುದಿನಕ್ಕೆ ಇಡಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಹಿರಿಯ ಆಟಗಾರರು ಮಾತ್ರ ತಮ್ಮ ವೈದ್ಯರನ್ನು ಕೇಳಿಯೇ ಇದನ್ನು ಕುಡಿಯಬೇಕು. ಮಜ್ಜಿಗೆಯೂ ಒಳ್ಳೆಯದೇ, ಆದರೆ ಅದನ್ನು ತೆಳ್ಳಗೆ ಕಡೆದು, ಶುಂಠಿ, ಕರಿಬೇವು, ಚಿಟಿಕೆ ಇಂಗು ಹಾಕಿ, ಮಣ್ಣಿನ ಗಡಿಗೆಯಲ್ಲಿ ಕಳುಹಿಸಬೇಕು. ಬಿಸಿಲಿಗಿಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದು ಹನ್ನೊಂದು ಗಂಟೆಗೇ ಹುಳಿಯಾಗುತ್ತದೆ.

ನೀರಿನ ಲೆಕ್ಕದಲ್ಲಿ ಕ್ಲಬ್ಬಿನವರು ಯಾವಾಗಲೂ ತಪ್ಪುತ್ತಾರೆ. ಹನ್ನೊಂದು ಆಟಗಾರರು, ಒಂದಿಬ್ಬರು ಕಾಯ್ದಿರಿಸಿದವರು, ಅಂಪೈರುಗಳು, ಸ್ಕೋರರ್ ಎಲ್ಲ ಸೇರಿ ಹದಿನೈದು ಜನರೆಂದುಕೊಂಡರೆ, ತಲೆಗೆ 3 ಲೀಟರಿನಂತೆ 45 ಲೀಟರ್ ಬೇಕು. 20 ಲೀಟರಿನ ಎರಡು ಕ್ಯಾನು ಸಾಲುವುದಿಲ್ಲ, ಮೂರನೆಯದನ್ನು ಮೊದಲೇ ತರಿಸಿಡಿ. ಕ್ಯಾನಿಗೆ ಒದ್ದೆಯ ಗೋಣಿತಟ್ಟು ಸುತ್ತಿ, ಗಾಳಿ ಆಡುವ ನೆರಳಿನಲ್ಲಿಟ್ಟು, ತಟ್ಟು ಒಣಗಿದಂತೆಲ್ಲ ನೀರು ಚಿಮುಕಿಸುತ್ತಿದ್ದರೆ ಮಂಜುಗಡ್ಡೆಯ ಗೊಡವೆಯೇ ಬೇಡ. ನಮ್ಮ ಕಡೆಯ ಒಣ ಸೆಕೆಯಲ್ಲಿ ತಟ್ಟಿನ ನೀರು ಬೇಗ ಆವಿಯಾಗಿ ಒಳಗಿನ ನೀರನ್ನು ತಣ್ಣಗಾಗಿಸುತ್ತದೆ. ಮಂಗಳೂರಿನಂಥ ತೇವದ ಹವೆಯಲ್ಲಿ ಈ ಉಪಾಯ ಅಷ್ಟಾಗಿ ಫಲ ಕೊಡದು.

ಊಟದ ಡಬ್ಬಿಗೆ ಮೊಸರನ್ನಕ್ಕಿಂತ ಹಿತವಾದುದಿಲ್ಲ. ಬಿಸಿ ಅನ್ನವನ್ನು ಹಾಲು ಹಾಕಿ ಮಿದ್ದು, ಪೂರ್ತಿ ಆರಿದ ಮೇಲೆ ಒಂದೇ ಚಮಚ ಮೊಸರು ಬೆರೆಸಿ ಕಳುಹಿಸಿದರೆ, ಊಟದ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟಿರುತ್ತದೆ. ಹಸಿ ಕೊಬ್ಬರಿಯ ಚಟ್ನಿ ಬೇಡ, ಬಿಸಿಲಿಗೆ ಹಳಸುತ್ತದೆ. ಶೇಂಗಾ ಚಟ್ನಿಪುಡಿ ಸಾಕು. ಕಲ್ಲಂಗಡಿಯನ್ನು ಇಡಿಯಾಗಿಯೇ ಒಯ್ದು ಅಲ್ಲಿಯೇ ಕೊಯ್ಯಬೇಕು.

ತಾಯಂದಿರೂ ಆಟಗಾರರೂ ತಪ್ಪದೆ ತಿಳಿದಿರಬೇಕಾದ ವಿಷಯ ಇನ್ನೊಂದಿದೆ. 1986ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ಚೆಪಾಕಿನಲ್ಲಿ ಆಸ್ಟ್ರೇಲಿಯಾದ ಡೀನ್ ಜೋನ್ಸ್ 210 ರನ್ ಹೊಡೆಯುವಾಗ ಪಿಚ್ಚಿನ ಪಕ್ಕದಲ್ಲೇ ವಾಂತಿ ಮಾಡಿಕೊಂಡರು, ಆಟ ಮುಗಿಸಿದ ಮೇಲೆ ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು. ಅದನ್ನು ಸಾಹಸವೆಂದು ಹೊಗಳುವುದು ಸಹಜ, ಆದರೆ ನಮ್ಮ ಮಕ್ಕಳು ಅದನ್ನು ಅನುಕರಿಸಬಾರದು. ತಲೆಸುತ್ತು, ವಾಕರಿಕೆ ಬಂದವನನ್ನು ತಕ್ಷಣ ನೆರಳಿಗೆ ಕರೆತಂದು ಪ್ಯಾಡು, ಬೂಟು ಬಿಚ್ಚಿಸಿ. ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಕಾದ ಹಂಚಿನಂತೆ ಸುಡುತ್ತಿದ್ದರೆ ಮೈಮೇಲೆ ನೀರು ಸುರಿಯುತ್ತ, ಗಾಳಿ ಹಾಕುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವನ ಬಾಯಿಗೆ ಒಂದು ಹನಿ ನೀರನ್ನೂ ಹಾಕಬಾರದು.

ಮನೆಗೆ ಮರಳಿದ ಬಿಳಿ ಬಟ್ಟೆಗಳನ್ನು ರಾತ್ರಿಯಿಡೀ ಚೀಲದಲ್ಲಿ ಬಿಡಬೇಡಿ. ಕೆಮ್ಮಣ್ಣು ಹತ್ತಿದ್ದರೆ ಪೂರ್ತಿ ಒಣಗಲು ಬಿಟ್ಟು ಬ್ರಷ್ಷಿನಿಂದ ಉದುರಿಸಿದ ಮೇಲೆಯೇ ನೀರು ತಾಗಿಸಬೇಕು. ಚೆಂಡು ಉಜ್ಜಿದ ಕೆಂಪು ಕಲೆಗೂ ಹುಲ್ಲಿನ ಹಸಿರು ಕಲೆಗೂ ತಣ್ಣೀರು ಮತ್ತು ಬಾರ್ ಸೋಪೇ ಸರಿ. ಬಿಸಿನೀರು ಹಾಕಿದರೆ ಕಲೆ ಅಲ್ಲಿಯೇ ಕೂತುಬಿಡುತ್ತದೆ. ಕೊನೆಯ ನೀರಿಗೆ ನಾಲ್ಕು ಹನಿ ನೀಲಿ ಬೆರೆಸಿ ಬಿಸಿಲಿನಲ್ಲಿ ಒಣಹಾಕಿ.

ಗ್ಲೌಸಿಗೆ ಮಾತ್ರ ಬಿಸಿಲು ಆಗದು. ಬೆವರು ಕುಡಿದ ಚರ್ಮ ಬಿಸಿಲಿಗೆ ಒಣಗಿದರೆ ಹಪ್ಪಳದಂತೆ ಗಡುಸಾಗಿ ಬಿರಿಯುತ್ತದೆ. ಬೆರಳುಗಳನ್ನು ಬಿಡಿಸಿ, ಒಳಗೆ ಹಳೆಯ ಪತ್ರಿಕೆ ತುರುಕಿ, ಪಡಸಾಲೆಯ ಗಾಳಿಗೆ ನೇತುಹಾಕಬೇಕು. ಬ್ಯಾಟನ್ನು ಕಾರಿನ ಡಿಕ್ಕಿಯಲ್ಲಿ ಮರೆತರೆ ಕಟ್ಟಿಗೆಯ ತೇವ ಆರಿ ಅದೂ ಸೀಳು ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸದ ಬ್ಯಾಟಾದರೆ, ಆಗಾಗ ಹತ್ತಿಬಟ್ಟೆಯಲ್ಲಿ ಒಂದು ಚಮಚ ಹಸಿ ಅಗಸೆ ಎಣ್ಣೆ ಅದ್ದಿ ಮುಂಭಾಗಕ್ಕೂ ಅಂಚುಗಳಿಗೂ ತೆಳ್ಳಗೆ ಸವರಿ, ರಾತ್ರಿಯಿಡೀ ಅಡ್ಡಲಾಗಿ ಮಲಗಿಸಿಡಿ. ಹಿಡಿ ಸೇರುವ ಜಾಗಕ್ಕೆ ಎಣ್ಣೆ ಇಳಿಯದಂತೆ ನೋಡಿಕೊಳ್ಳಬೇಕು, ಇಳಿದರೆ ಅಲ್ಲಿನ ಅಂಟು ಬಿಡುತ್ತದೆ.