ಇಂಗ್ಲಿಷ್ ಏಲ್‌ಗೆ ಯೀಸ್ಟ್ ಆರಿಸುವಾಗ ಮೂಗನ್ನು ನಂಬಿ

ದಾವಣಗೆರೆಯ ಮನೆಯಲ್ಲಿ ನಲವತ್ತು ವರ್ಷ ದೋಸೆಹಿಟ್ಟು ಹುದುಗಿಸಿ, ಅಷ್ಟೇ ಕಾಲ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದ ನನಗೆ, ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗನ ಅಡುಗೆಮನೆಯಲ್ಲಿ ಏಲ್ ಎಂಬ ಬಗೆಯ ಬಿಯರ್ ಹುದುಗುತ್ತಿರುವುದನ್ನು ಮೊದಲ ಸಲ ಕಂಡಾಗ ಹೊಸದೆನಿಸಿದ್ದು ಹಾಪ್ಸ್ ಹೂವಿನ ಕಹಿ ವಾಸನೆಯೊಂದೇ. ನಾನು ಕುಡಿಯುವವಳಲ್ಲ; ಚಮಚದಲ್ಲಿ ನಾಲಿಗೆಗೆ ತಾಗಿಸಿ ನೋಡುತ್ತೇನೆ, ಉಳಿದ ಪರೀಕ್ಷೆಯೆಲ್ಲ ಮೂಗಿನದು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವಂತಿಲ್ಲ. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಮಾಡಿಕೊಳ್ಳಲು 1963ರಿಂದ ಪರವಾನಗಿ ಬೇಕಿಲ್ಲ. ಆದ್ದರಿಂದ ಈ ಮಾತುಗಳು ನಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆಸಿರುವ ಮಕ್ಕಳಿಗೆ.

ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್, ನೀರು ಎಲ್ಲವೂ ಒಂದೇ ಆಗಿದ್ದರೂ ಯೀಸ್ಟಿನ ತಳಿ ಬದಲಾದರೆ ಏಲ್ ಬೇರೆಯೇ ಆಗುತ್ತದೆ. ಒಳ್ಳೆಯ ಇಂಗ್ಲಿಷ್ ತಳಿಗಳು ಎಸ್ಟರ್‌ಗಳೆಂಬ ಸಂಯುಕ್ತಗಳಿಂದ ಮಾಗಿದ ಹಣ್ಣಿನ ಪರಿಮಳ ಕೊಡುತ್ತವೆ, ಸಕ್ಕರೆಯನ್ನೆಲ್ಲ ತಿಂದು ಮುಗಿಸದೆ ಮಾಲ್ಟಿನ ಸಿಹಿಯನ್ನು ಕೊಂಚ ಉಳಿಸುತ್ತವೆ, ಮತ್ತು ಅವುಗಳಲ್ಲಿ ಹಲವು ಕೆಲಸ ಮುಗಿದೊಡನೆ ಗಸಿಯಾಗಿ ತಳಕ್ಕೆ ಇಳಿದುಬಿಡುತ್ತವೆ. ಒಣ ಯೀಸ್ಟುಗಳಲ್ಲಿ ವಿಂಡ್ಸರ್ ಎಂಬುದು ಮಾಲ್ಟೋಟ್ರಯೋಸ್ ಎಂಬ ಸಕ್ಕರೆಯನ್ನು ಮುಟ್ಟುವುದೇ ಇಲ್ಲವಾದ್ದರಿಂದ ಏಲ್ ತುಂಬಿಕೊಂಡಂತೆ ಇರುತ್ತದೆ, ಆದರೆ ತಿಳಿಯಾಗಲು ಸತಾಯಿಸುತ್ತದೆ. ನಾಟಿಂಗ್‌ಹ್ಯಾಮ್ ಚೆನ್ನಾಗಿ ದುಡಿಯುತ್ತದೆ, ತನ್ನದೆಂಬ ಪರಿಮಳವನ್ನು ಮಾತ್ರ ಹೆಚ್ಚಾಗಿ ಬಿಡುವುದಿಲ್ಲ. ಹೆಸರು ಇಂಗ್ಲಿಷ್ ಆದರೂ ಗುಣ ಮೌನದ್ದು. ಎಸ್-04 ಇವೆರಡರ ನಡುವಿನದು, ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ದ್ರವರೂಪದ ಯೀಸ್ಟಿಗೆ ಕೈಹಾಕಿದಾಗ ನಿಜವಾದ ವ್ಯಕ್ತಿತ್ವ ಸಿಗುತ್ತದೆ, ಜೊತೆಗೆ ಹಟವೂ ಸಿಗುತ್ತದೆ. ಲಂಡನ್ ಇಎಸ್‌ಬಿ ಎಂದು ಮಾರಾಟವಾಗುವ ವೈಯೀಸ್ಟ್ ಕಂಪನಿಯ 1968 ಸಂಖ್ಯೆಯ ತಳಿ, ಅದೇ ಕಂಪನಿಯ ಯಾರ್ಕ್‌ಷೈರ್ ಶೈಲಿಯ 1469, ರಿಂಗ್‌ವುಡ್ ಎಂದು ಹೆಸರಾದ 1187 ಇವು ಆ ಜಾತಿಯವು. ಮಗ ಉತ್ಸಾಹದಿಂದ ಮೊದಲಿಗೇ ರಿಂಗ್‌ವುಡ್ ತಂದ. ನೊರೆ ಇಳಿದ ಮರುದಿನವೇ ಸೀಸೆಗೆ ತುಂಬಿದ. ಮೂರು ವಾರದ ಬಳಿಕ ಮುಚ್ಚಳ ತೆಗೆದರೆ ನಮ್ಮೂರಿನ ಬೆಣ್ಣೆದೋಸೆ ಹೋಟೆಲಿನ ಬಾಗಿಲಲ್ಲಿ ನಿಂತ ಹಾಗಾಯಿತು! ಅದು ಡೈಅಸಿಟೈಲ್. ಹೆಪ್ಪು ಹಾಕಿದ ಕೆನೆಯಿಂದ ಕಡೆದ ಬೆಣ್ಣೆಗೆ ಘಮ ತರುವುದೂ ಈ ವಸ್ತುವೇ. ಕೆಲವು ಇಂಗ್ಲಿಷ್ ಏಲ್‌ಗಳಲ್ಲಿ ಇದರ ಎಳೆಯೊಂದು ಇದ್ದರೆ ಸೊಗಸು, ಹೆಚ್ಚಾದರೆ ಜಿಡ್ಡು.

ಇದಕ್ಕೆ ಕಾರಣ ಯೀಸ್ಟಿನ ಅವಸರ. ಹುದುಗುವಾಗ ಯೀಸ್ಟ್ ಹೊರಬಿಟ್ಟ ವಸ್ತುವೊಂದು ರಸದಲ್ಲಿ ಡೈಅಸಿಟೈಲ್ ಆಗಿ ಮಾರ್ಪಡುತ್ತದೆ. ಕೊನೆಯ ದಿನಗಳಲ್ಲಿ ಯೀಸ್ಟೇ ಅದನ್ನು ಮರಳಿ ಹೀರಿಕೊಳ್ಳಬೇಕು. ಬೇಗ ತಳಕ್ಕಿಳಿಯುವ ತಳಿಗಳು ಈ ಕೆಲಸವನ್ನು ಅರ್ಧಕ್ಕೇ ಬಿಟ್ಟು ಮಲಗಿಬಿಡುತ್ತವೆ. ಆದ್ದರಿಂದ ಹುದುಗು ಇಳಿಯುತ್ತಿರುವಾಗ ಪಾತ್ರೆಯನ್ನು 20–21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ದಿನ ಇರಿಸಿ, ಗಸಿ ಏಳುವಂತೆ ಮೆಲ್ಲಗೆ ಸುತ್ತಿಸಬೇಕು. ಸೀಸೆಗೆ ತುಂಬುವ ಮುನ್ನ ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಏಲ್ ತೆಗೆದು, ಒಂದನ್ನು ಮುಚ್ಚಿ ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ, ಎರಡನ್ನೂ ಮೂಸಿ ನೋಡಿ. ಬಿಸಿಮಾಡಿದ್ದರಲ್ಲಿ ಬೆಣ್ಣೆಯ ವಾಸನೆ ಬಂದರೆ ಇನ್ನೂ ಕಾಯಬೇಕೆಂದು ಅರ್ಥ. ಈ ಪರೀಕ್ಷೆ ಮಾಡಲು ಶುರುಮಾಡಿದ ಮೇಲೆ ನಮ್ಮ ಒಂದು ಸೀಸೆಯನ್ನೂ ಚೆಲ್ಲಬೇಕಾಗಿ ಬಂದಿಲ್ಲ.

ಪರಿಮಳವನ್ನು ಹದವಾಗಿಡುವುದು ಶಾಖ. ಈ ತಳಿಗಳಲ್ಲಿ ಹೆಚ್ಚಿನವಕ್ಕೆ ಮೊದಲ ಮೂರು ದಿನ 18–20 ಡಿಗ್ರಿ ಸಾಕು. ಯೀಸ್ಟ್ ಭರದಿಂದ ದುಡಿಯುವಾಗ ತಾನೇ ಶಾಖ ಹುಟ್ಟಿಸುವುದರಿಂದ ಕೋಣೆಗಿಂತ ಪಾತ್ರೆಯ ಒಳಗೆ ಎರಡು ಮೂರು ಡಿಗ್ರಿ ಹೆಚ್ಚಿರಬಹುದು. ಥರ್ಮಾಮೀಟರನ್ನು ಗೋಡೆಗೆ ತೂಗುಹಾಕದೆ ಪಾತ್ರೆಗೇ ಅಂಟಿಸಿ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ದೋಸೆಹಿಟ್ಟು ಉಕ್ಕಿ ಹುಳಿಯಾಗದಿರಲು ನಾನು ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತುತ್ತಿದ್ದೆ. ಲೀಡ್ಸ್‌ನ ಬೇಸಿಗೆಗೂ ಅದೇ ಉಪಾಯ ಸಾಕಾಯಿತು.

ತಳಿಯ ಹೊಗಳಿಕೆಯನ್ನು ಓದಿ ಕೊಳ್ಳುವ ಬದಲು, ಇಪ್ಪತ್ತು ಲೀಟರ್ ಮಾಲ್ಟ್ ರಸವನ್ನು ಹತ್ತು ಹತ್ತು ಲೀಟರಿನ ಎರಡು ಪಾತ್ರೆಗಳಿಗೆ ಹಂಚಿ, ಎರಡು ಬೇರೆ ಯೀಸ್ಟ್ ಹಾಕಿ, ಒಂದೇ ಕೋಣೆಯಲ್ಲಿ ಹುದುಗಿಸಿ ನೋಡಿ. ಮೆಚ್ಚಿದ ತಳಿಯ ಗಸಿಯನ್ನು ಕುದಿನೀರಿನಲ್ಲಿ ತೊಳೆದ ಸೀಸೆಗೆ ತೆಗೆದು ಫ್ರಿಜ್ಜಿನಲ್ಲಿಟ್ಟು, ಎರಡು ವಾರದೊಳಗೆ ಮುಂದಿನ ಸಲಕ್ಕೆ ಬಳಸಬಹುದು. ನಾವು ಹೆಪ್ಪು ಎತ್ತಿಡುವ ಹಾಗೆಯೇ. ತೀರ ಕಡುವಾದ ಏಲ್‌ನ ಗಸಿ ಬಳಲಿರುತ್ತದೆ, ಅದನ್ನು ಇಡಬೇಡಿ. ಇನ್ನೊಂದು ಮಾತು ನನ್ನ ಸೊಸೆಗೂ ಹೇಳಿದ್ದೇನೆ: ಯೀಸ್ಟ್ ಹಾಕುವ ದಿನ ಅದೇ ಕಟ್ಟೆಯ ಮೇಲೆ ಮೊಸರಿಗೆ ಹೆಪ್ಪು ಹಾಕುವುದಾಗಲಿ, ದೋಸೆಹಿಟ್ಟು ರುಬ್ಬುವುದಾಗಲಿ ಬೇಡ. ಆ ಹುಳಿಯ ಬ್ಯಾಕ್ಟೀರಿಯಾಗಳಿಗೆ ಮಾಲ್ಟ್ ರಸವೂ ಬಲು ಇಷ್ಟ.