ನೆಲ ಮುಟ್ಟದ ಕಾಲು

ಶಾಲೆಯೊಂದರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ಕೂರುವುದು, ಬರೆಯುವುದರಂಥ ದಿನನಿತ್ಯದ ಕೆಲಸಗಳಿಗೆ ಮಕ್ಕಳನ್ನು ತಯಾರು ಮಾಡುವವಳು) ಆಗಿ ಸೇರಿದ ಹೊಸತರಲ್ಲಿ ನನಗೊಂದು ಚಿಕ್ಕ ರೂಮು ಕೊಟ್ಟಿದ್ದರು. ಒಂದು ಜೋಕಾಲಿ, ದಪ್ಪ ಮ್ಯಾಟು, ದೊಡ್ಡ ಚೆಂಡು, ಅಷ್ಟೇ. ಆಟಿಸಂ ಇರುವ ಪುಟ್ಟ ಮಕ್ಕಳನ್ನು ವಾರಕ್ಕೆ ಎರಡು ಸಲ, 40 ನಿಮಿಷ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಕ್ಕಳು ಜೀಕುತ್ತಿದ್ದರು, ನಗುತ್ತಿದ್ದರು. ನನಗೂ ಕೆಲಸ ಚೆನ್ನಾಗಿ ನಡೆಯುತ್ತಿದೆ ಅನಿಸುತ್ತಿತ್ತು.

ಒಂದು ದಿನ ಒಂದನೇ ಕ್ಲಾಸಿನ ಟೀಚರ್ ಆ ಮಕ್ಕಳಲ್ಲಿ ಒಬ್ಬ ಹುಡುಗನ ಬಗ್ಗೆ ಕೇಳಿದರು, "ನಿಮ್ಮ ರೂಮಲ್ಲಿ ಚೆನ್ನಾಗಿರ್ತಾನೆ ಅಂತೀರಿ. ನನ್ನ ಕ್ಲಾಸಿಗೆ ಬಂದ ಹತ್ತು ನಿಮಿಷಕ್ಕೆ ಡೆಸ್ಕಿನ ಕೆಳಗೆ ಹೋಗಿ ಕೂತ್ಕೋತಾನಲ್ಲ, ಅದಕ್ಕೇನು ಮಾಡೋಣ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಹೋಗಿ ಅವರ ಕ್ಲಾಸಿನ ಹಿಂದೆ ಸುಮ್ನೆ ಕೂತೆ.

ಹುಡುಗನಿಗೆ ಆರು ವರ್ಷ, ವಯಸ್ಸಿಗಿಂತ ಸ್ವಲ್ಪ ಗಿಡ್ಡ. ಕುರ್ಚಿ ಅವನಿಗೆ ದೊಡ್ಡದು. ಕಾಲು ನೆಲದಿಂದ ಒಂದು ಗೇಣು ಮೇಲೆ ನೇತಾಡುತ್ತಿತ್ತು. ಮೊದಲು ಕಾಲನ್ನು ಕುರ್ಚಿಯ ಕಾಲಿಗೆ ಸುತ್ತಿಕೊಂಡ. ಆಮೇಲೆ ಮೊಣಕಾಲೂರಿ ಕೂತ. ಆಮೇಲೆ ಮುಂದಕ್ಕೆ ಜಾರಿದ. ಅವನ ಜಾಗ ಬಾಗಿಲ ಪಕ್ಕ. ಒಳಗೆ ಹೊರಗೆ ಓಡಾಡುವ ಪ್ರತಿ ಮಗುವೂ ಅವನ ಭುಜ ಸವರಿಕೊಂಡು ಹೋಗುತ್ತಿತ್ತು. ಒಂದೊಂದು ಸಲ ತಾಗಿದಾಗಲೂ ಕತ್ತು ಒಳಗೆಳೆದುಕೊಳ್ಳುತ್ತಿದ್ದ. ನಾಲ್ಕನೇ ಸಲಕ್ಕೆ ಡೆಸ್ಕಿನ ಕೆಳಗಿದ್ದ.

ನಾನೂ ಬಗ್ಗಿ ನೋಡಿದೆ. ಅಲ್ಲಿ ಬೆಳಕು ಕಡಿಮೆ. ಯಾರೂ ತಾಗುವುದಿಲ್ಲ. ಬೆನ್ನಿಗೆ ಗೋಡೆ, ಕೂರಲು ಗಟ್ಟಿ ನೆಲ. ಅವನ ಜಾಗದಲ್ಲಿ ನಾನಿದ್ದರೂ ಅಲ್ಲಿಗೇ ಹೋಗುತ್ತಿದ್ದೆ.

ಅವತ್ತು ಮಾಡಿದ್ದು ಎರಡೇ ಕೆಲಸ. ಹಳೇ ಪುಸ್ತಕಗಳನ್ನು ಒಟ್ಟಿ, ಟೇಪು ಸುತ್ತಿ ಕಾಲಡಿಗೆ ಇಟ್ಟೆವು. ಜಾಗವನ್ನು ಗೋಡೆಯ ಮೂಲೆಗೆ ಬದಲಿಸಿದೆವು. ಪಾದ ಊರದಿದ್ದರೆ ಸೊಂಟ ನಿಲ್ಲುವುದಿಲ್ಲ, ಸೊಂಟ ನಿಲ್ಲದಿದ್ದರೆ ಕೈ ಬರೆಯುವುದಿಲ್ಲ. ಇದನ್ನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಆದರೂ ಕುರ್ಚಿ ನೋಡದೆ ತಿಂಗಳುಗಟ್ಟಲೆ ಜೋಕಾಲಿ ತೂಗಿದ್ದೆ! ಡೆಸ್ಕಿನ ಕೆಳಗಿನ ಜಾಗ ಮಾತ್ರ ತಪ್ಪಿಸಲಿಲ್ಲ. ಬೇಕಾದಾಗ ಹೋಗಿ ಬರಲಿ ಎಂದು ಟೀಚರ್ ಒಪ್ಪಿದರು. ಹತ್ತು ನಿಮಿಷದ ಕೂರುವಿಕೆ ನಿಧಾನವಾಗಿ ಇಪ್ಪತ್ತಾಯಿತು. ಕೆಲವು ದಿನ ಮತ್ತೆ ಐದಕ್ಕೂ ಇಳಿಯುತ್ತಿತ್ತು.

ಹಗುರವಾಗಿ ತಾಗಿದರೆ ಬೆಚ್ಚಿಬೀಳುವ ಮಗು ಗಟ್ಟಿಯಾಗಿ ಒತ್ತಿದರೆ ಸಮಾಧಾನವಾಗುವುದನ್ನು ನಮ್ಮ ಕಸುಬಿನವರು ದಿನಾ ನೋಡುತ್ತಾರೆ. ಮೆದುಳು ಸ್ಪರ್ಶ, ಸದ್ದು, ಚಲನೆಯ ಸುದ್ದಿಯನ್ನು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬುದರ ಬಗ್ಗೆ ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ 1960-70ರ ದಶಕಗಳಲ್ಲೇ ಸಿದ್ಧಾಂತ ಕಟ್ಟಿದ್ದರು. ಆದರೆ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಇಂದ್ರಿಯಗಳ ಈ ಏರುಪೇರನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರಲ್ಲಿ. ಹಾಗಾಗಿ "ಹಟ", "ತುಂಟತನ" ಅಂತ ಬೈಸಿಕೊಂಡ ಮಕ್ಕಳು ಎಷ್ಟು ಜನರೋ.

ಸ್ನಾಯು, ಕೀಲುಗಳಿಗೆ ಕೆಲಸ ಕೊಟ್ಟರೆ ಮೈ ಹತೋಟಿಗೆ ಬರುತ್ತದೆ ಎಂಬ ನಂಬಿಕೆ ನನ್ನದು. ಅದಕ್ಕೆ ಬರೆಯುವ ಪೀರಿಯಡ್ಡಿಗೆ ಮೊದಲು ಈ ಹುಡುಗ ನೋಟ್‌ಬುಕ್ಕಿನ ಡಬ್ಬ ಹೊತ್ತು ಪಕ್ಕದ ಕ್ಲಾಸಿಗೆ ಕೊಟ್ಟು ಬರುತ್ತಿದ್ದ. ಅದು ಫಲ ಕೊಟ್ಟಿತು. ಮೈಮೇಲೆ ಭಾರ ಬೀಳಲೆಂದು ಹಾಕುವ ತೂಕದ ಜಾಕೆಟ್ ಮಾತ್ರ ಫಲ ಕೊಡಲಿಲ್ಲ. ಎಲ್ಲರೂ ಹೊಗಳುತ್ತಾರೆ ಅಂತ ಒಂದೂವರೆ ತಿಂಗಳು ಹಾಕಿಸಿ, ಎಷ್ಟು ಹೊತ್ತು ಕೂತ ಅಂತ ದಿನಾ ಬರೆದಿಟ್ಟೆ. ಹಾಕಿದ ದಿನಕ್ಕೂ ಹಾಕದ ದಿನಕ್ಕೂ ವ್ಯತ್ಯಾಸವೇ ಇಲ್ಲ. ಅವನಿಗದು ಇಷ್ಟವೂ ಇರಲಿಲ್ಲ. ತೆಗೆದಿಟ್ಟೆ.

ಇನ್ನೊಂದು ತಪ್ಪನ್ನು ನೆನೆದರೆ ಈಗಲೂ ಮುಜುಗರ. ಐದು ವರ್ಷದ ಹುಡುಗಿಗೆ ಅಂಟು ಮುಟ್ಟುವುದೆಂದರೆ ಆಗುತ್ತಿರಲಿಲ್ಲ. "ಒಂದೇ ಸಲ, ನೋಡು" ಅಂತ ಅವಳ ಬೆರಳು ಹಿಡಿದು ಅಂಟಿಗೆ ಅದ್ದಿದೆ. ಅವಳು ಕಿರುಚಲಿಲ್ಲ, ಮರಗಟ್ಟಿ ನಿಂತಳು. ಆಮೇಲೆ ಮೂರು ವಾರ ನನ್ನನ್ನು ಕಂಡರೆ ಸಾಕು, ಎರಡೂ ಕೈ ಬೆನ್ನ ಹಿಂದೆ. ಮತ್ತೆ ನಂಬಿಕೆ ಹುಟ್ಟಲು ಅವಳ ಪಕ್ಕ ಕೂತು ನಾನೇ ಕಾಗದ ಅಂಟಿಸಿಕೊಳ್ಳುತ್ತಾ ಇದ್ದೆ. ಕೈಯಳತೆಯಲ್ಲಿ ಒಂದು ಬ್ರಷ್ಷು, ಒಂದು ಒದ್ದೆ ಬಟ್ಟೆ. ಒಂದು ದಿನ ತಾನಾಗಿ ಬ್ರಷ್ ಎತ್ತಿಕೊಂಡಳು. ಬೆರಳಿನಲ್ಲಿ ಇವತ್ತಿಗೂ ಅಂಟು ಮುಟ್ಟುವುದಿಲ್ಲ. ಮುಟ್ಟಲೇಬೇಕಾ? ಚಿತ್ರ ಅಂಟಿದರೆ ಸಾಕಲ್ವಾ.

ಅದೇ ಹುಡುಗಿಗೆ ಬ್ಯಾಗಿನ ಜಿಪ್ ಹಾಕಲು ಕಲಿಸಿದ್ದನ್ನು ಹೇಳಬೇಕು. ಯಾರಿಗೆ ಬೇಕಾದರೂ ಉಪಯೋಗವಾದೀತು. ನಾವೆಲ್ಲ ಶುರುವಿನಿಂದ ಕಲಿಸುತ್ತೇವೆ. ಮಗು ಶುರುವಿನಲ್ಲೇ ಸೋತು, ಉಳಿದದ್ದನ್ನು ನಾವೇ ಮುಗಿಸುತ್ತೇವೆ. ನಾನು ಉಲ್ಟಾ ಮಾಡಿದೆ. ಜಿಪ್ಪಿನ ತುದಿಗೆ ಬೆರಳು ಹೋಗುವಷ್ಟು ದಾರದ ಕುಣಿಕೆ ಕಟ್ಟಿದೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ನಾನೇ ಎಳೆದು, ಕೊನೆಯ ಎರಡು ಬೆರಳಗಲ ಬಿಟ್ಟೆ. ಅವಳು ಎಳೆದಳು. ಮುಗಿಯಿತು, ಮುಗಿಸಿದ್ದು ಅವಳೇ! ನಾಲ್ಕು ದಿನ ಅಷ್ಟೇ. ಆಮೇಲೆ ಅರ್ಧಕ್ಕೆ ಬಿಟ್ಟೆ. ಎಡಗೈಯಲ್ಲಿ ಬ್ಯಾಗ್ ಹಿಡಿಯದೆ ಎಳೆದರೆ ಬ್ಯಾಗೇ ಹಿಂದೆ ಬರುತ್ತದೆ ಅನ್ನುವುದನ್ನು ಅವಳೇ ಕಂಡುಕೊಂಡಳು. ನಾನು ಹೇಳಿಕೊಟ್ಟಿರಲಿಲ್ಲ. ತಿಂಗಳು ತುಂಬುವ ಮೊದಲು ಪೂರ್ತಿ ಜಿಪ್ ಅವಳದಾಯಿತು.

ಪೆನ್ಸಿಲ್ ಹಿಡಿತದ ಬಗ್ಗೆ ತುಂಬ ಜನ ಕೇಳುತ್ತಾರೆ. ಅವಸರ ಬೇಡ. ಕ್ರೇಯಾನನ್ನು ಮುರಿದು ಚಿಕ್ಕ ತುಂಡು ಕೊಡಿ, ಮುಷ್ಟಿ ಬಿಟ್ಟು ಬೆರಳ ತುದಿ ತಾನಾಗಿ ಬರುತ್ತದೆ. ಕಾಗದವನ್ನು ಗೋಡೆಗೆ ಅಂಟಿಸಿ ಬರೆಸಿದರೆ ಮಣಿಕಟ್ಟು, ಭುಜ ಎರಡಕ್ಕೂ ಒಳ್ಳೆಯದು.

ಈ ಮಕ್ಕಳು ಕೈ ಪಟಪಟ ಆಡಿಸುವುದನ್ನು ಯಾವಾಗ ನಿಲ್ಲಿಸುತ್ತೀರಿ ಎಂದೂ ಕೇಳುತ್ತಾರೆ. ನಿಲ್ಲಿಸುವುದಿಲ್ಲ. ಯಾರಿಗೂ ಪೆಟ್ಟಾಗುತ್ತಿಲ್ಲ, ಮಗುವಿಗೆ ಅದರಿಂದ ನೆಮ್ಮದಿ. ನಾನು ಯೋಚಿಸುವಾಗ ಪೆನ್ನಿನ ಬಟನ್ ಟಿಕ್ ಟಿಕ್ ಅನ್ನಿಸುತ್ತಲೇ ಇರುತ್ತೇನೆ, ನನ್ನನ್ನು ಯಾರೂ ಕೇಳಿಲ್ಲ.

ಈಗ ನನ್ನ ರೂಮಿಗಿಂತ ಜಾಸ್ತಿ ಹೊತ್ತು ಕ್ಲಾಸುಗಳಲ್ಲೇ ಇರುತ್ತೇನೆ. ಜೋಕಾಲಿ ಇನ್ನೂ ಇದೆ, ಬೇಕಾದವರು ಬಂದು ಜೀಕುತ್ತಾರೆ. ಆ ಪುಸ್ತಕದ ಕಟ್ಟನ್ನು ನೋಡಿ ಬೇರೆ ಮಕ್ಕಳೂ "ನನಗೂ ಬೇಕು ಮಿಸ್" ಎಂದು ಟೀಚರ್ ಹಿಂದೆ ಬಿದ್ದರಂತೆ. ಆ ಕ್ಲಾಸಿನಲ್ಲಿ ಈಗ ಅಂಥ ಏಳು ಕಟ್ಟುಗಳಿವೆ. ಆಟಿಸಂ ಇರುವ ಮಕ್ಕಳದ್ದು ಅದರಲ್ಲಿ ಎರಡೇ.