ಕಾನೂನಿನ ಗಡುವು ಮತ್ತು ಸದನದ ಪ್ರಶ್ನೆ: ಕೀನ್ಯಾದಲ್ಲಿ ನನ್ನ ಅನುಭವ

ಕೀನ್ಯಾದ ಹೊಸ ಸಂವಿಧಾನ ಜಾರಿಗೆ ಬಂದಿದ್ದು 2010ರ ಆಗಸ್ಟ್ 27ರಂದು. ಅದಾದ ಮೇಲೆ ಕೆಲವು ವರ್ಷ ನಾನು ನೈರೋಬಿಯಲ್ಲಿ ಸಂಸದರೊಬ್ಬರಿಗೆ ಸದನದ ಪ್ರಶ್ನೆಗಳನ್ನು ಬರೆದುಕೊಡುತ್ತಿದ್ದೆ. ಅವುಗಳಲ್ಲಿ ಬಹುಪಾಲು ಒಂದೇ ವಿಷಯದ ಮೇಲೆ: ಈ ಕಾನೂನು ಇಷ್ಟರೊಳಗೆ ಆಗಬೇಕಿತ್ತಲ್ಲ, ಎಲ್ಲಿಗೆ ಬಂತು? ಕೇಳೋಕೆ ಸುಲಭವಾದ ಪ್ರಶ್ನೆ. ಸರಿಯಾಗಿ ಕೇಳದಿದ್ದರೆ ಮಾತ್ರ ಉತ್ತರದಲ್ಲಿ ಏನೂ ಇರುವುದಿಲ್ಲ.

ಆ ಸಂವಿಧಾನದ ಕೊನೆಯಲ್ಲಿ ಐದನೇ ಅನುಸೂಚಿ ಅಂತ ಒಂದಿದೆ. ಯಾವ ವಿಷಯಕ್ಕೆ ಎಷ್ಟು ಸಮಯದೊಳಗೆ ಕಾನೂನು ಮಾಡಬೇಕು ಅನ್ನೋ ಪಟ್ಟಿ ಅದು. ಪೌರತ್ವ ಮತ್ತು ಚುನಾವಣೆಗೆ ಒಂದು ವರ್ಷ, ಭೂಮಿಗೆ 18 ತಿಂಗಳು, ಮಾಧ್ಯಮಕ್ಕೆ ಮೂರು ವರ್ಷ, ಗ್ರಾಹಕರ ರಕ್ಷಣೆಗೆ ನಾಲ್ಕು, ಸಮುದಾಯದ ಭೂಮಿಗೆ ಐದು. ಇದು ಬರೀ ಆಶಯ ಅಲ್ಲ. 261ನೇ ವಿಧಿಯ ಪ್ರಕಾರ ಗಡುವು ತಪ್ಪಿದರೆ ಯಾರು ಬೇಕಾದರೂ ಹೈಕೋರ್ಟಿಗೆ ಹೋಗಬಹುದು. ಕೋರ್ಟು ಕೊಟ್ಟ ಸಮಯದಲ್ಲೂ ಸಂಸತ್ತು ಕಾನೂನು ಮಾಡದಿದ್ದರೆ, ಸಂಸತ್ತನ್ನೇ ವಿಸರ್ಜಿಸಿ ಅಂತ ಮುಖ್ಯ ನ್ಯಾಯಮೂರ್ತಿ ಅಧ್ಯಕ್ಷರಿಗೆ ಸಲಹೆ ಕೊಡಬೇಕು. ಇಷ್ಟು ಖಾರವಾದ ಶಿಕ್ಷೆಯನ್ನು ಸಂಸತ್ತಿಗೇ ಬರೆದಿಟ್ಟ ಸಂವಿಧಾನ ಇದು. ಮೊದಲ ಸಲ ಓದಿದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಪ್ರಶ್ನೆಗಳನ್ನು ನಾನು ಸಿದ್ಧ ಮಾಡುತ್ತಿದ್ದ ರೀತಿ ಹೇಳುತ್ತೇನೆ. 'ಭೂಮಿ ಮಸೂದೆ ಯಾವಾಗ ಬರುತ್ತದೆ?' ಅಂತ ಕೇಳಿದರೆ, 'ಪರಿಶೀಲನೆಯ ಹಂತದಲ್ಲಿದೆ, ಶೀಘ್ರದಲ್ಲೇ ಮಂಡಿಸುತ್ತೇವೆ' ಅನ್ನೋ ಉತ್ತರ ಬರುತ್ತದೆ. ಅದನ್ನು ಇಟ್ಟುಕೊಂಡು ಏನೂ ಮಾಡೋಕಾಗಲ್ಲ. ಹಾಗಾಗಿ ನಾನು ಕಡತ ಎಲ್ಲಿದೆ ಅಂತ ಕೇಳಿಸುತ್ತಿದ್ದೆ. ಕರಡು ಇಲಾಖೆಯಿಂದ ಸರ್ಕಾರದ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್ ಕಚೇರಿಗೆ ಯಾವ ತಾರೀಖಿಗೆ ಹೋಯಿತು? ಅಲ್ಲಿಂದ ಸಂವಿಧಾನ ಜಾರಿ ಆಯೋಗಕ್ಕೆ ಯಾವಾಗ ಹೋಯಿತು? ಆಯೋಗ ಟಿಪ್ಪಣಿ ಬರೆದು ವಾಪಸ್ ಕಳಿಸಿದೆಯೇ? ಸಚಿವ ಸಂಪುಟದ ಮುಂದೆ ಇಟ್ಟಿದ್ದೀರಾ? ಗೆಜೆಟ್‌ನಲ್ಲಿ ಪ್ರಕಟ ಮಾಡುವ ದಿನ ಯಾವುದು? ತಾರೀಖು ಕೇಳಿದರೆ ಸಚಿವರಿಗೆ ಎರಡೇ ದಾರಿ. ತಾರೀಖು ಹೇಳಬೇಕು, ಇಲ್ಲವೇ ಗೊತ್ತಿಲ್ಲ ಅಂತ ಸದನದಲ್ಲಿ ನಿಂತು ಒಪ್ಪಿಕೊಳ್ಳಬೇಕು. ಎರಡೂ ಹ್ಯಾನ್ಸಾರ್ಡ್‌ನಲ್ಲಿ, ಅಂದರೆ ಸದನದ ಮಾತುಗಳ ಅಧಿಕೃತ ವರದಿಯಲ್ಲಿ, ದಾಖಲಾಗುತ್ತವೆ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಹಿಂಬಾಲಿಸೋಕೆ ಒಂದು ಸಮಿತಿಯೂ ಇದೆ. ಪೂರಕ ಪ್ರಶ್ನೆಗಳನ್ನು ಬೇರೆ ಚೀಟಿಯಲ್ಲಿ ಬರೆದುಕೊಡುತ್ತಿದ್ದೆ, ಯಾಕೆಂದರೆ ಸಚಿವರು ಮೊದಲ ಪ್ರಶ್ನೆಗೆ ಸಿದ್ಧವಾಗಿ ಬಂದಿರುತ್ತಾರೆ, ನಿಜವಾದ ವಿಷಯ ಹೊರಗೆ ಬರೋದು ಎರಡನೆಯದರಲ್ಲಿ.

ಎರಡನೇ ವಿಷಯ, ಗಡುವಿನ ದಿನದಿಂದ ಹಿಂದಕ್ಕೆ ಎಣಿಸುವುದು. ಅಧ್ಯಕ್ಷರ ಅಂಕಿತಕ್ಕೆ 14 ದಿನ ಇಡಬೇಕು. ಮಸೂದೆ ಪ್ರಕಟವಾದ ಮೇಲೆ ಮೊದಲ ವಾಚನಕ್ಕೆ, ಅಂದರೆ ಅದನ್ನು ಸದನದಲ್ಲಿ ಮೊದಲು ಮಂಡಿಸುವುದಕ್ಕೆ, ಮುಂಚೆ ಕಾಯಬೇಕಾದ ದಿನಗಳಿವೆ. ಸಮಿತಿ ಜನರ ಅಭಿಪ್ರಾಯ ಕೇಳಬೇಕು. ನಡುವೆ ಸದನಕ್ಕೆ ರಜೆ ಇದ್ದರೆ ಅದನ್ನೂ ಕಳೆಯಬೇಕು. ಹೀಗೆ ಎಣಿಸಿದಾಗ ನಿಜವಾದ ಕೊನೆಯ ದಿನ ಕಾಗದದ ಮೇಲಿರುವ ದಿನಕ್ಕಿಂತ ತಿಂಗಳುಗಟ್ಟಲೆ ಮುಂಚೆಯೇ ಬಂದುಬಿಡುತ್ತದೆ. ಪ್ರಶ್ನೆ ಕೇಳಬೇಕಾದ್ದು ಅದಕ್ಕೂ ಮುಂಚೆ. ಗಡುವಿನ ವಾರದಲ್ಲಿ ಕೇಳಿದರೆ ಪತ್ರಿಕೆಗೆ ಸುದ್ದಿ ಸಿಗಬಹುದು, ಕಾನೂನಿಗೆ ಏನೂ ಸಿಗುವುದಿಲ್ಲ.

2011ರ ಆಗಸ್ಟ್‌ನಲ್ಲಿ ಇದು ಕಣ್ಣಿಗೆ ಕಂಡಿತು. ಒಂದು ವರ್ಷದ ಗಡುವಿನ ಮಸೂದೆಗಳೆಲ್ಲ ಒಟ್ಟಿಗೆ ಕೊನೆಯ ವಾರಗಳಿಗೆ ಬಂದು ಬಿದ್ದವು. ಪ್ರಕಟಣೆಯ ಅವಧಿಯನ್ನು ಕಡಿಮೆ ಮಾಡುವ ನಿರ್ಣಯ ತಂದು, ರಾತ್ರಿಯವರೆಗೂ ಸದನ ನಡೆಸಿ ಒಂದರ ಹಿಂದೆ ಒಂದು ಪಾಸು ಮಾಡಿದರು. ಅಧ್ಯಕ್ಷ ಕಿಬಾಕಿ ಚುನಾವಣಾ ಕಾಯ್ದೆಗೆ ಸಹಿ ಹಾಕಿದ್ದು 27ರಂದೇ. ಗಡುವು ಉಳಿಯಿತು ನಿಜ. ಆದರೆ ಚುನಾವಣೆಯಂಥ ವಿಷಯದಲ್ಲಿ ಪ್ರತಿ ಕಲಮಿನ ಮೇಲೂ ಜಗಳ ಆಗಬೇಕು ಅಲ್ವಾ? ಆ ಜಗಳಕ್ಕೆ ಸಮಯವೇ ಇರಲಿಲ್ಲ. ನನಗೆ ಇವತ್ತಿಗೂ ಅದರ ಬಗ್ಗೆ ಬೇಜಾರಿದೆ. ಭೂಮಿಯ ಕಾನೂನುಗಳ ಗಡುವು 2012ರ ಫೆಬ್ರವರಿ 27ಕ್ಕೆ ಮುಗಿಯಬೇಕಿತ್ತು, ಅದನ್ನು 60 ದಿನ ಮುಂದೆ ಹಾಕಿದರು. ಇದಕ್ಕೂ ನಿಯಮ ಇದೆ: ಅಸಾಧಾರಣ ಸನ್ನಿವೇಶ ಅಂತ ಸ್ಪೀಕರ್ ದೃಢೀಕರಿಸಬೇಕು, ಮೂರನೇ ಎರಡರಷ್ಟು ಬೆಂಬಲ ಬೇಕು, ಒಂದೇ ಸಲ, ಒಂದು ವರ್ಷ ಮೀರುವ ಹಾಗಿಲ್ಲ. ಅಸಾಧಾರಣ ಅಂದರೆ ಏನು, ತಡವಾಗಿದ್ದೇ ಅಸಾಧಾರಣವೇ? ಈ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಬೇಕು.

2013ರ ಚುನಾವಣೆಯ ನಂತರ ಕೆಲಸದ ರೀತಿಯೇ ಬದಲಾಯಿತು. ಹೊಸ ವ್ಯವಸ್ಥೆಯಲ್ಲಿ ಸಚಿವರು ಸಂಸದರಲ್ಲ, ಸದನದಲ್ಲಿ ಕೂರುವುದಿಲ್ಲ. ನೇರ ಪ್ರಶ್ನೆ ಹೋಗಿ, ಸಮಿತಿಯ ಅಧ್ಯಕ್ಷರ ಮೂಲಕ ಹೇಳಿಕೆ ಕೇಳುವ ಪದ್ಧತಿ ಬಂತು. ಉತ್ತರ ಓದುವವರು ಒಬ್ಬರು, ಅದಕ್ಕೆ ಹೊಣೆಗಾರರು ಇನ್ನೊಬ್ಬರು. ಪೂರಕ ಪ್ರಶ್ನೆಯ ಬಲವೆಲ್ಲ ಹೋಯಿತು. ಆಗ ನಾನು ಎಲ್ಲವನ್ನೂ ಮೊದಲ ಕೋರಿಕೆಯಲ್ಲೇ ತುಂಬತೊಡಗಿದೆ, ಜೊತೆಗೆ ಸಂಬಂಧಪಟ್ಟ ಕಾಗದಗಳ ಪ್ರತಿಯನ್ನೂ ಕೇಳುತ್ತಿದ್ದೆ. ಮೇಲ್ಮನೆಯಾಗಿ ಸೆನೆಟ್ ಬಂದಿದ್ದರಿಂದ ಹಿಂದಕ್ಕೆ ಎಣಿಸುವ ಲೆಕ್ಕವೂ ಉದ್ದವಾಯಿತು. ಕೌಂಟಿಗಳಿಗೆ (ಜಿಲ್ಲೆಯಂಥ, ತಮ್ಮದೇ ಸರ್ಕಾರ ಇರುವ ಆಡಳಿತ ಘಟಕಗಳಿಗೆ) ಸಂಬಂಧಪಟ್ಟ ಮಸೂದೆಯಲ್ಲಿ ಎರಡು ಸದನಗಳಿಗೂ ಒಮ್ಮತ ಬರದಿದ್ದರೆ ಅದು ಮಧ್ಯಸ್ಥಿಕೆ ಸಮಿತಿಗೆ ಹೋಗುತ್ತದೆ, ಅದಕ್ಕೂ ಸಮಯ ಬೇಕಲ್ಲ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾಗಿದ್ದು ಸಮುದಾಯ ಭೂಮಿಯ ಕಾನೂನು. ತಲೆಮಾರುಗಳಿಂದ ಒಟ್ಟಾಗಿ ದನ ಮೇಯಿಸಿಕೊಂಡು ಬಂದ ನೆಲ, ಅದರ ಮೇಲೆ ಆ ಜನರ ಹೆಸರಿನಲ್ಲಿ ಪತ್ರ ಇಲ್ಲ. ನೋಂದಣಿ ಆಗುವವರೆಗೆ ಅದು ಕೌಂಟಿ ಸರ್ಕಾರದ ಕೈಯಲ್ಲಿ, ಅವರ ಪರವಾಗಿ. ಕಾನೂನೇ ಇಲ್ಲ ಅಂದರೆ ನೋಂದಣಿ ಹೇಗೆ? 2015ರ ಆಗಸ್ಟ್‌ಗೆ ಐದು ವರ್ಷ ಮುಗಿಯಿತು. ಒಂದು ವರ್ಷ ಮುಂದೆ ಹಾಕಿದರು. ಅಧ್ಯಕ್ಷರ ಸಹಿ ಬಿದ್ದಿದ್ದು 2016ರ ಆಗಸ್ಟ್ 31ಕ್ಕೆ. ಈ ಒಂದು ವರ್ಷ ಯಾರಿಗೆ ನಷ್ಟ, ಆ ನಡುವೆ ಎಷ್ಟು ನೆಲ ಕೈಬದಲಾಯಿತು ಅಂತ ಕೌಂಟಿವಾರು ಮಾಹಿತಿ ಕೇಳುವ ಕೋರಿಕೆ ಬರೆದಿದ್ದೆ. ನಾನು ಬರೆದವುಗಳಲ್ಲಿ ತುಂಬಾ ಮುಖ್ಯವಾದದ್ದು ಅದೇ ಅಂತ ನನಗನಿಸುತ್ತದೆ.

2015ರ ಅದೇ ಆಗಸ್ಟ್‌ನಲ್ಲಿ ಇನ್ನೊಂದು ಗಡುವನ್ನೂ ಒಂದು ವರ್ಷ ಮುಂದೆ ಹಾಕಿದ್ದರು. ಚುನಾಯಿತ ಸಂಸ್ಥೆಗಳಲ್ಲಿ ಒಂದೇ ಲಿಂಗದವರು ಮೂರನೇ ಎರಡಕ್ಕಿಂತ ಜಾಸ್ತಿ ಇರಬಾರದು ಅನ್ನೋ ನಿಯಮಕ್ಕೆ ಕಾನೂನು ಮಾಡುವುದು. ಅದು ಆಗಲೇ ಇಲ್ಲ. ಸಂವಿಧಾನ ತಿದ್ದುಪಡಿಗೆ 349 ಸದಸ್ಯರ ಸದನದಲ್ಲಿ 233 ಮತ ಬೇಕಿತ್ತು, ಪ್ರತಿ ಸಲವೂ ಕಡಿಮೆ ಬಿತ್ತು. 2017ರಲ್ಲಿ ಹೈಕೋರ್ಟು 60 ದಿನ ಕೊಟ್ಟಿತು. ಕೊನೆಗೆ 2020ರ ಸೆಪ್ಟೆಂಬರ್ 21ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರು ಸಂಸತ್ತನ್ನು ವಿಸರ್ಜಿಸಿ ಅಂತ ಅಧ್ಯಕ್ಷರಿಗೆ ಸಲಹೆ ಕೊಟ್ಟೇಬಿಟ್ಟರು. ಕೆಲವೇ ದಿನಗಳಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು, ಸಂಸತ್ತು ತನ್ನ ಅವಧಿ ಮುಗಿಸಿತು. ಇಲ್ಲಿ ಸಚಿವರನ್ನು ಕೇಳುವ ಪ್ರಶ್ನೆಗೆ ಅರ್ಥವೇ ಇರಲಿಲ್ಲ, ಮಸೂದೆ ಸದನದಲ್ಲೇ ಇತ್ತು, ಮತ ಹಾಕಬೇಕಾದವರು ಸದಸ್ಯರೇ. ಇಂಥ ಕಡೆ ಪ್ರಶ್ನೆಗಿಂತ ಮತದ ಪಟ್ಟಿಯನ್ನು, ಯಾರು ಬಂದಿದ್ದರು, ಯಾರು ಬರಲಿಲ್ಲ ಅನ್ನೋದನ್ನು ಮತದಾರರಿಗೆ ತಲುಪಿಸೋದೇ ಕೆಲಸ ಮಾಡುತ್ತದೆ.

ಈಗ ಈ ಕೆಲಸ ಶುರು ಮಾಡುವವರಿಗೆ ಇನ್ನೊಂದು ಮಾತು. ಕಾಯ್ದೆ ಪಾಸಾಯಿತು ಅಂತ ಕಡತ ಮುಚ್ಚಬೇಡಿ. ಸಮುದಾಯ ಭೂಮಿ ಕಾಯ್ದೆಗೆ ನಿಯಮಾವಳಿ ಬಂದದ್ದು ಮರುವರ್ಷ, 2017ರಲ್ಲಿ. ನಿಯಮಾವಳಿಗೆ ಐದನೇ ಅನುಸೂಚಿಯಲ್ಲಿ ಗಡುವೇ ಇಲ್ಲ. ಹಾಗಾಗಿ ಮಸೂದೆ ಸಮಿತಿಯಲ್ಲಿರುವಾಗಲೇ ಕೇಳಿ: ನಿಯಮಗಳ ಕರಡು ಯಾರ ಬಳಿ ಇದೆ, ನಮೂನೆ ಅರ್ಜಿಗಳು ಯಾವಾಗ ಬರುತ್ತವೆ, ಕೌಂಟಿಗಳಲ್ಲಿ ಸಮುದಾಯ ಭೂಮಿಯ ರಿಜಿಸ್ಟ್ರಾರ್‌ಗಳನ್ನು ಯಾವಾಗ ನೇಮಿಸುತ್ತೀರಿ?